ಒಡೆಸ್ಸಾಳ ಮನೆಯ ತಿಥಿಯೂಟ

ಆಗಸ್ಟ್ ತಿಂಗಳು. ಮೆಂಫಿಸ್ ಊರಿನ ದಕ್ಷಿಣದ ಕಡೆ ಆ ತಿಂಗಳಲ್ಲಿ ಬೆಳಗಿನ ಹತ್ತು ಗಂಟೆಗೇ ರಸ್ತೆಯ ಡಾಂಬರು ಮೆತ್ತಗಾಗಿ ಚಪ್ಪಲಿ ಹಿಡಿದುಕೊಳ್ಳುತ್ತದೆ. ಮರದ ಮೇಲಿನ ಜೀರುಂಡೆಗಳು ಯಾರೋ ಕೂಲಿ ಕೊಟ್ಟು ಕೂರಿಸಿದ ಹಾಗೆ ಬಿಡುವಿಲ್ಲದೆ ಕಿರುಚುತ್ತವೆ. ಅಂಥದೊಂದು ಮಂಗಳವಾರ, ಅದೇ ಹೊತ್ತಿಗೆ, ಕ್ಲೀವನ್ ಹಾಪ್ಸನ್ ತನ್ನ ಹಿತ್ತಲಲ್ಲಿ ಟೊಮೇಟೊ ಗಿಡಗಳಿಗೆ ನೀರು ಬಿಡುತ್ತಿದ್ದಾಗ ಪಕ್ಕದ ಮನೆಯಿಂದ ಒಡೆಸ್ಸಾ ಪ್ರೂಯಿಟ್‌ಳ ದನಿ ಕೇಳಿಸಿತು.

"ಬಾಗಿಲು ತೆಗಿಯೋ ದೇವ್ರೇ, ನಾ ಬಂದೆ..."

ಒಡೆಸ್ಸಾಳ ಮನೆಯಿಂದ ಹಾಡು ಕೇಳಿಸುವುದು ಆಶ್ಚರ್ಯವಲ್ಲ. ಒಂದು ಕಾಲದಲ್ಲಿ ಅವಳ ದನಿ ಕೇಳಿ ಲಾರಿ ಡ್ರೈವರುಗಳು ರಸ್ತೆಯ ಬದಿಗೆ ಗಾಡಿ ನಿಲ್ಲಿಸಿ ಅತ್ತಿದ್ದರು. ಆಮೇಲೆ ಕಾಲ ಬದಲಾಯಿತು, ಹಾಡಿಸುವವರು ಬದಲಾದರು. ಅವಳು ಮಿನುಗುವ ಸೀಕ್ವಿನ್ ಬಿಲ್ಲೆ ಹೊಲಿದ ಉಡುಪುಗಳನ್ನು ಪೆಟ್ಟಿಗೆಗೆ ಹಾಕಿ ಈಸ್ಟರ್ ಹಬ್ಬಕ್ಕೊಮ್ಮೆ ಚರ್ಚಿನಲ್ಲಿ ಹಾಡಿಕೊಂಡು ಸುಮ್ಮನಿದ್ದಳು. ಹೀಗಾಗಿ ಕ್ಲೀವನ್ ಮೊದಲು "ಆಹಾ" ಅಂದುಕೊಂಡು ನೀರು ಬಿಡುತ್ತಲೇ ಇದ್ದ.

ಅದೇ ಸಾಲು ಮತ್ತೆ ಬಂತು. ಅದೇ ಕಡೆ ದನಿ ಒಡೆಯಿತು, ಕೊನೆಗೆ ಅದೇ ನಿಟ್ಟುಸಿರು. ಮತ್ತೆ ಬಂತು. ಮತ್ತೆ.

"ಬಾಗಿಲು ತೆಗಿ. ಬಾಗಿಲು ತೆಗಿ. ತೆಗಿ. ತೆ... ತೆ... ತೆ..."

ಅದರ ಕೆಳಗೆ, ನೆಲದೊಳಗಿಂದ ಬಂದ ಹಾಗೆ, ಧಡ್... ಧಡ್... ಧಡ್...

ಕ್ಲೀವನ್‌ನ ಕೈಯಲ್ಲಿದ್ದ ನೀರಿನ ಪೈಪು ತಾನಾಗಿಯೇ ತಿರುಗಿ ಅವನ ಪ್ಯಾಂಟನ್ನು ತೋಯಿಸಿತು. ಅದು ಅವನ ಅರಿವಿಗೇ ಬರಲಿಲ್ಲ.

ಒಳಗೆ ಏನು ನಡೆಯುತ್ತಿತ್ತು ಅನ್ನುವುದನ್ನು ಈಗಲೇ ಹೇಳಿಬಿಡುತ್ತೇನೆ, ಓದುವವರೂ ಕ್ಲೀವನ್‌ನ ಜೊತೆ ಓಡುವುದು ಬೇಡ. ಒಡೆಸ್ಸಾ ಎಪ್ಪತ್ತಾರನೆಯ ವಯಸ್ಸಿನಲ್ಲಿ ಹೊಸ ಆಲ್ಬಂ ಮಾಡುತ್ತಿದ್ದಳು. ಅಟ್ಲಾಂಟಾದಿಂದ ಟಿಯೆರಾ ಎಂಬ ಹುಡುಗಿ ಬಂದಿದ್ದಳು. ಡ್ರಮ್ಮು, ಗಿಟಾರು, ಕಹಳೆ ಎಲ್ಲವೂ ಅವಳ ಒಂದು ಪೆಟ್ಟಿಗೆಯೊಳಗೇ ಇದ್ದವು. ಒಡೆಸ್ಸಾ ಒಂದು ಸಾಲು ಹಾಡಿದರೆ ಸಾಕು, ಟಿಯೆರಾ ಅದನ್ನು ತುಂಡು ಮಾಡಿ, ತಿರುಗಿಸಿ, ಒಂದರ ಮೇಲೊಂದು ಜೋಡಿಸಿ, ಕೆಳಗೆ ಧಡ್ ಧಡ್ ಹಾಕಿ ಹಾಡು ಕಟ್ಟುತ್ತಿದ್ದಳು. ಒಡೆಸ್ಸಾ ಈ ವಿಷಯ ಬೀದಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಹಿಂದೊಮ್ಮೆ ಹೀಗೇ ಆಲ್ಬಂ ಬರುತ್ತದೆ ಅಂದಾಗ ಬೀದಿಯೆಲ್ಲ ಸೇರಿ ಹಂದಿ ಸುಟ್ಟು ಊಟ ಹಾಕಿಸಿತ್ತು. ಆಲ್ಬಂ ಬರಲೇ ಇಲ್ಲ, ಹಂದಿಯಂತೂ ಮುಗಿದುಹೋಯಿತು. ಆ ನಾಚಿಕೆಗೆ ಈ ಸಲ ಯಾರು ಕೇಳಿದರೂ ಅವಳು, "ಆ ಹುಡುಗಿನಾ? ನನ್ನ ಮೈ ನೋಡ್ಕೊಳ್ಳೋಕೆ ಬಂದಿರೋ ನರ್ಸು" ಅನ್ನುತ್ತಿದ್ದಳು. ಆ ನರ್ಸು ದಿನಾ ಬೆಳಿಗ್ಗೆ ವೈರುಗಳ ಗಂಟು ಹೊತ್ತು, ದೀಪ ಮಿನುಗುವ ಪೆಟ್ಟಿಗೆ ಹಿಡಿದು ಒಳಗೆ ಹೋಗುವುದನ್ನು ಬೀದಿ ನೋಡುತ್ತಿತ್ತು. ನೋಡಿ ತಲೆಯಾಡಿಸುತ್ತಿತ್ತು. ಪಾಪ, ಒಡೆಸ್ಸಾಗೆ ಇಷ್ಟೊಂದು ವೈರು ಹಾಕುವಷ್ಟಾಯಿತಲ್ಲ!

ಕ್ಲೀವನ್ ಹೋಗಿ ಒಡೆಸ್ಸಾಳ ಮುಂಬಾಗಿಲ ಗಂಟೆ ಒತ್ತಿದ. ಗಂಟೆ ಬಡಿಯಲಿಲ್ಲ, ಹಾಡಿನೊಳಗೆ ಸೇರಿಕೊಳ್ಳುತ್ತದೆ ಅಂತ ಟಿಯೆರಾ ಅದರ ವೈರು ಕಿತ್ತಿದ್ದಳು. ಬಾಗಿಲು ತಟ್ಟಿದ. ಒಳಗೆ ಸ್ಪೀಕರು ತನ್ನ ಪಾಡಿಗೆ ಹಾಡುತ್ತಿತ್ತು, ಇಬ್ಬರ ಕಿವಿಗೂ ದಪ್ಪ ಹೆಡ್‌ಫೋನು. ಕಿಟಕಿಯಲ್ಲಿ ಇಣುಕಿದ. ಹೊರಗಿನ ಸದ್ದು ಬಾರದಿರಲಿ ಅಂತ ಕಿಟಕಿಗೆ ಹಾಸಿಗೆ ಒಡ್ಡಿ ಮೇಲೆ ಕೌದಿ ಹೊದಿಸಿತ್ತು.

"ತೆಗಿ. ತೆಗಿ. ತೆ... ತೆ..."

"ತೆಗೀತೀನಿ ಕಣಕ್ಕಾ, ತಾಳು!" ಎಂದು ಕ್ಲೀವನ್ ಕೂಗಿದ. ಬಾಗಿಲಿಗೆ ಕಳ್ಳರ ಭಯಕ್ಕೆ ಹಾಕಿಸಿದ ಕಬ್ಬಿಣದ ಸರಳಿನ ಹೊರಬಾಗಿಲಿತ್ತು. ಅದು ಅವನ ಮಾತಿಗೆ ಕಿವಿಗೊಡಲಿಲ್ಲ.

ಇಲ್ಲಿ ಕ್ಲೀವನ್‌ನ ಇನ್ನೊಂದು ಸಂಕಟ ಹೇಳಬೇಕು. ಅವನು ನ್ಯೂ ಸೈಲೋಮ್ ಚರ್ಚಿನ ಬಾಗಿಲ ಹಿರಿಯ. ಭಾನುವಾರ ಬಿಳಿ ಕೈಗವಸು ಹಾಕಿ, ಬಾಗಿಲಲ್ಲಿ ನಿಂತು, ಬಂದವರನ್ನು ಕರೆದೊಯ್ದು ಜಾಗ ತೋರಿಸುವುದು ಅವನ ಸೇವೆ. ಹೆಂಡತಿ ಅರ್ಲೀನ್ ತೀರಿಹೋದ ಮೇಲೆ ಅವನ ವಾರಕ್ಕೆ ಇದ್ದದ್ದು ಆ ಒಂದು ದಿನ, ದಿನಕ್ಕೆ ಇದ್ದದ್ದು ಆ ಒಂದು ಬಾಗಿಲು. ಆದರೆ ಆ ಕೆಲಸ ನೂಲಿನ ಮೇಲೆ ನಿಂತಿತ್ತು. ಒಂದು ಸಲ ಚರ್ಚಿನ ಹಿರಿಯ ಸೇವಕ ಡೀಕನ್ ಪರ್ವಿಸ್ ಕಾರಿನಲ್ಲಿ ಬಾಯಿ ತೆರೆದು ಮಲಗಿದ್ದನ್ನು ನೋಡಿ, ಸತ್ತನೆಂದು ಕಾರಿನ ಗಾಜು ಒಡೆದಿದ್ದ. ಇನ್ನೊಂದು ಸಲ ಚರ್ಚಿನ ಪಕ್ಕದ ಹಿತ್ತಲಲ್ಲಿ ಯಾರೋ ಮಾಂಸ ಸುಡುವ ಹೊಗೆ ಕಂಡು ಬೆಂಕಿ ಆರಿಸುವ ಗಾಡಿ ಕರೆಸಿದ್ದ. ಅವರು ಬಂದು, ಈಸ್ಟರ್ ದಿನ, ಹಬ್ಬಕ್ಕೆಂದು ಹೆಂಗಸರು ತೊಟ್ಟ ನಲವತ್ತು ಹೊಸ ಟೊಪ್ಪಿಗೆಗಳ ಮೇಲೆ ನೀರು ಹೊಡೆದು ಹೋದರು. ಟೊಪ್ಪಿಗೆಯ ಹೆಂಗಸರು ಅದನ್ನು ಇನ್ನೂ ಮರೆತಿರಲಿಲ್ಲ. ಪಾಸ್ಟರ್ ಮೆರಿವೆದರ್ ಅವನನ್ನು ಕರೆದು ಹೇಳಿದ್ದರು: "ಬ್ರದರ್ ಹಾಪ್ಸನ್, ಇನ್ನೊಂದು ಸಲ ನೀನು ಸುಳ್ಳು ಗಾಬರಿ ಎಬ್ಬಿಸಿದ್ರೆ, ಬಾಗಿಲಿಗೆ ಬೇರೆಯವರು. ತಿಳೀತಾ? ಇನ್ಮೇಲೆ ಸರ್ಕಾರಿ ಗಾಡಿ ಯಾವುದನ್ನೂ ನೀನಾಗೇ ಕರೀಕೂಡದು."

ಹೀಗಾಗಿ ಕ್ಲೀವನ್ ಸರ್ಕಾರಿ ಗಾಡಿ ಕರೆಯಲಿಲ್ಲ. ಎದುರುಮನೆಯ ಮದರ್ ಹ್ಯಾಟಿಬೆಲ್‌ಳ ಮೆಟ್ಟಿಲು ಹತ್ತಿದ. ಚರ್ಚಿನ ಅಡುಗೆಮನೆಯ ಯಜಮಾನಿ ಅವಳು. ಅಲ್ಲಿ ಯಾರ ಮನೆಯಲ್ಲಿ ಸಾವಾದರೂ ವೈದ್ಯರಿಗಿಂತ ಮೊದಲು ಸುದ್ದಿ ತಲುಪುವುದು ಅವಳಿಗೆ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು. ಬೀದಿಯೇ ಅಡುಗೆ ಮಾಡಿ ಒಯ್ಯಬೇಕು. ಯಾರು ಏನು ತರಬೇಕು ಎಂದು ಹೇಳುವವಳು ಅವಳು.

"ಮದರ್, ಗಾಬರಿ ಏನಿಲ್ಲ," ಎಂದು ಕ್ಲೀವನ್ ಏದುಸಿರು ಬಿಡುತ್ತ ಶುರುಮಾಡಿದ. "ಗಾಬರಿ ಅಂತ ನಾನು ಹೇಳ್ತಾನೇ ಇಲ್ಲ. ನನ್ನ ಹೆಸರು ಎಲ್ಲೂ ಹೇಳ್ಬೇಡಿ. ಆದ್ರೆ ಒಡೆಸ್ಸಾ ಒಂದೇ ಮಾತನ್ನ ಹಿಡ್ಕೊಂಡು ಕೂಗ್ತಿದಾಳೆ. ನೆಲ ಗುದ್ದುತಿದಾಳೆ. ಬಾಗಿಲು ತೆಗೀತಿಲ್ಲ."

"ಏನಂತ ಕೂಗ್ತಿದಾಳೆ?"

"ದೇವ್ರೇ ಬಾಗಿಲು ತೆಗಿ, ನಾ ಬಂದೆ ಅಂತ."

ಮದರ್ ಹ್ಯಾಟಿಬೆಲ್ ಕನ್ನಡಕ ತೆಗೆದಳು. "ಯಾವ ಬಾಗಿಲು ಅಂತ ಇನ್ನೂ ಬಿಡಿಸಿ ಹೇಳ್ಬೇಕಾ ನಿಂಗೆ? ಆ ನರ್ಸು?"

"ಒಳಗೇ ಇದಾಳೆ."

"ಹಾಗಾದ್ರೆ ಮಾಡೋದು ಮಾಡ್ತಿದಾಳೆ. ನಮ್ದು ನಾವು ಮಾಡೋಣ," ಎಂದು ಅವಳು ಫೋನು ಎತ್ತಿಕೊಂಡಳು.

ಫೋನು ಬೀದಿಯ ಉದ್ದಕ್ಕೂ ಓಡಿತು. ಮದರ್ ಹ್ಯಾಟಿಬೆಲ್ ಹೇಳಿದ್ದು, ಒಡೆಸ್ಸಾಗೆ ತುಂಬಾ ಜೋರಾಗಿದೆ ಅಂತ. ಮೂಲೆಮನೆ ತಲುಪುವಾಗ ಮಾತು ನಿಂತಿದೆ ಅಂತಾಯಿತು. ಕ್ಷೌರದಂಗಡಿಗೆ ಬಂದಾಗ ಉಸಿರೂ ನಿಂತಿತ್ತು. ಅಂಗಡಿಯಿಂದ ಹೊರಬಿದ್ದಾಗ ಒಡೆಸ್ಸಾ ಕೊನೆಗಳಿಗೆಯಲ್ಲಿ ಮೂವರು ದೇವದೂತರನ್ನು ಕಂಡು ಅವರ ಜೊತೆ ಮಾತಾಡಿದ್ದಳು, ಅದರಲ್ಲಿ ಒಬ್ಬ ದೂತ ಅವಳ ತೀರಿಹೋದ ಗಂಡನ ಹಾಗೇ ಇದ್ದ. ಆಂಬುಲೆನ್ಸ್ ಕರೆಯಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ನರ್ಸು ಒಳಗೇ ಇದ್ದಾಳಲ್ಲ!

ಮಧ್ಯಾಹ್ನದ ಹೊತ್ತಿಗೆ ಒಡೆಸ್ಸಾಳ ಜಗಲಿ ತುಂಬಿತು. ಹುರಿದ ಕೋಳಿ ಬಂತು, ಚೀಸ್ ಸುರಿದು ಬೇಯಿಸಿದ ಮ್ಯಾಕರೋನಿ ಬಂತು, ಹಂದಿಯ ಎಲುಬು ಹಾಕಿ ಕುದಿಸಿದ ಸೊಪ್ಪು ಬಂತು, ಪೀಚ್ ಹಣ್ಣು ತುಂಬಿ ಬೇಯಿಸಿದ ಕಾಬ್ಲರ್ ಎಂಬ ಸಿಹಿ ಬಂತು. ಡೀಕನ್ ಪರ್ವಿಸ್ ಅರ್ಧ ತಲೆ ಬೋಳಿಸಿಕೊಂಡು, ಕುತ್ತಿಗೆಗೆ ಕಟ್ಟಿದ ಬಟ್ಟೆ ಸಮೇತ ಕಾರು ಓಡಿಸಿಕೊಂಡು ಬಂದು ಅಳುತ್ತಿದ್ದ. ಅಂತ್ಯಕ್ರಿಯೆಯ ಮನೆ ನಡೆಸುವ ಮಿಸ್ಟರ್ ಫಾಗ್ ಕಪ್ಪು ಕೋಟಿನಲ್ಲಿ ಬಂದು, ತನ್ನ ಅಂಗಡಿಯ ಹೆಸರು ಅಚ್ಚಾದ ರಟ್ಟಿನ ಬೀಸಣಿಗೆಗಳನ್ನು ಎಲ್ಲರಿಗೂ ಹಂಚಿ, ಒಂದು ಕಂಬಕ್ಕೆ ಒರಗಿ ನಿಂತ.

"ಇಷ್ಟು ಬೇಗ ಬಂದ್ಬಿಟ್ರಾ?" ಎಂದು ಯಾರೋ ಕೇಳಿದರು.

"ನನಗೇನೂ ಆತುರವಿಲ್ಲಮ್ಮಾ," ಎಂದ ಮಿಸ್ಟರ್ ಫಾಗ್, ಬಹಳ ಮರ್ಯಾದೆಯಿಂದ. "ನಾನು ಕಾಯ್ತೀನಿ. ಕಾಯೋದೇ ನಮ್ಮ ವೃತ್ತಿ."

ಕೊನೆಗೆ ಬಂದವಳು ಲುಸಿಂಡಾ ರೇ. ಜನ ಎರಡು ಭಾಗವಾಗಿ ದಾರಿ ಬಿಟ್ಟರು. ಒಡೆಸ್ಸಾಳ ಹಿಂದೆ ನಿಂತು ಎರಡನೆಯ ದನಿ ಹಾಡುತ್ತಿದ್ದವಳು ಅವಳೇ. ಎಪ್ಪತ್ತೆಂಟನೇ ಇಸವಿಯಲ್ಲಿ ಒಂದು ಹಳದಿ ಗೌನು ಯಾರು ತೊಡಬೇಕೆಂದು ಜಗಳವಾಗಿ, ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಒಂದೇ ಚರ್ಚು, ಆದರೆ ಎರಡು ತುದಿ. ನಡುವೆ ಅವರನ್ನು ಬೇರೆಬೇರೆ ಕೂರಿಸುವ ಕೆಲಸ ಇಷ್ಟು ವರ್ಷವೂ ಕ್ಲೀವನ್‌ನದು. ಲುಸಿಂಡಾಳ ಕೈಯಲ್ಲಿ ಬೆಣ್ಣೆಯ ಪೌಂಡ್ ಕೇಕಿತ್ತು, ಇನ್ನೂ ಬಿಸಿಯಾಗಿತ್ತು.

"ಕ್ಷಮಿಸಿಬಿಟ್ಟೆ ಕಣೋ ಕ್ಲೀವನ್," ಎಂದಳು ಅವಳು ಮೂಗು ಒರೆಸಿಕೊಳ್ಳುತ್ತ. "ಬರ್ತಾ ದಾರೀಲೇ ಪೂರ್ತಿ ಕ್ಷಮಿಸಿಬಿಟ್ಟೆ. ಗೌನೂ ಕ್ಷಮಿಸಿದೆ, ಅವಳು ಆಡಿದ ಮಾತೂ ಕ್ಷಮಿಸಿದೆ. ಅವಳಿಗೆ ಹೇಳೋಕಾಗ್ಲಿಲ್ಲ."

ಆಗ ಪಾಸ್ಟರ್ ಮೆರಿವೆದರ್ ಮೆಟ್ಟಿಲು ಹತ್ತಿ ಬಂದರು. ಒಳಗಿಂದ "ತೆ... ತೆ... ತೆ..." ಕೇಳುತ್ತಲೇ ಇತ್ತು. ಪಾಸ್ಟರ್ ಕಿವಿಗೊಟ್ಟು ಕೇಳಿದರು.

"ತೀರಿಹೋದಳು ಅಂದ್ರಲ್ಲ? ದನಿ ಬರ್ತಿದೆ."

"ಆತ್ಮ, ಪಾಸ್ಟರ್," ಎಂದ ಡೀಕನ್ ಪರ್ವಿಸ್. "ಆತ್ಮಕ್ಕೆ ಇನ್ನೂ ದಾರಿ ಸಿಕ್ಕಿಲ್ಲ."

"ಮೊದಲು ಸುದ್ದಿ ಕೊಟ್ಟಿದ್ದು ಯಾರು?"

ಜಗಲಿಯ ಬೀಸಣಿಗೆಗಳೆಲ್ಲ ಒಟ್ಟಿಗೆ ನಿಂತವು. ಆಮೇಲೆ ಒಟ್ಟಿಗೆ ಕ್ಲೀವನ್‌ನ ಕಡೆ ತಿರುಗಿದವು.

"ಬ್ರದರ್ ಹಾಪ್ಸನ್," ಎಂದರು ಪಾಸ್ಟರ್, ನಿಧಾನಕ್ಕೆ.

"ಈ ಸಲ ನಿಜ, ಪಾಸ್ಟರ್."

"ನಿಜವಾದ್ರೆ ಸಿಸ್ಟರ್ ಒಡೆಸ್ಸಾಗೆ ಕಷ್ಟ. ಸುಳ್ಳಾದ್ರೆ ನಿನಗೆ ಕಷ್ಟ. ಯಾವುದಕ್ಕೆ ಪ್ರಾರ್ಥನೆ ಮಾಡ್ಲಪ್ಪಾ ನಾನು?"

ಕ್ಲೀವನ್ ಸರಳಿನ ಬಾಗಿಲ ಚಿಲಕಕ್ಕೆ ಡೀಕನ್‌ನ ಕಾರಿನಿಂದ ತಂದ ಕಬ್ಬಿಣದ ಸಲಾಕೆ ಹಾಕಿ ಮೀಟಿದ. ಚಿಲಕ ಕಿತ್ತುಬಂತು. ಒಳಬಾಗಿಲಿಗೆ ಭುಜ ಕೊಟ್ಟು ನುಗ್ಗಿದ. ಅದೇ ಗಳಿಗೆಗೆ, ಜಗಲಿ ಅಲ್ಲಾಡುವುದು ಕಾಲಿಗೆ ತಟ್ಟಿ, ಒಡೆಸ್ಸಾ ಒಳಗಿಂದ ಬಾಗಿಲು ತೆಗೆದಳು.

ಕ್ಲೀವನ್ ಅವಳ ಪಕ್ಕದಿಂದ ಹಾರಿ, ಮೊಗಸಾಲೆ ದಾಟಿ, ವೈರುಗಳ ಗಂಟಿನ ಮೇಲೆ ಬಿದ್ದ. ಯಾವುದೋ ಒಂದು ವೈರು ಕಿತ್ತುಬಂತು, ಇನ್ನಾವುದೋ ಗುಂಡಿ ಅವನ ಮೊಣಕೈಗೆ ಸಿಕ್ಕಿ ಕೊನೆಯವರೆಗೂ ತಿರುಗಿತು. ಮರುಕ್ಷಣ ಮನೆಯ ಗೋಡೆ ನಡುಗುವ ಹಾಗೆ ಒಡೆಸ್ಸಾಳ ದನಿ ಹೊರಬಿತ್ತು.

ಜಗಲಿಯವರಿಗೆ ಕಂಡದ್ದು ಇಷ್ಟು: ಬಾಗಿಲಲ್ಲಿ ಒಡೆಸ್ಸಾ, ತಲೆತುಂಬ ಕೂದಲು ಸುತ್ತುವ ಸುರುಳಿಗಳು, ಹೂವಿನ ನಿಲುವಂಗಿ, ಬಾಯಿ ಭದ್ರವಾಗಿ ಮುಚ್ಚಿದೆ. ಅವಳ ಹಿಂದಿನಿಂದ ಅವಳದೇ ದನಿ ಆಕಾಶ ಒಡೆಯುವ ಹಾಗೆ ಹಾಡುತ್ತಿದೆ.

ಡೀಕನ್ ಪರ್ವಿಸ್ ಜಗಲಿಯ ಕಟಕಟೆ ಹಾರಿದ. ಮದರ್ ಹ್ಯಾಟಿಬೆಲ್ ಕಾಬ್ಲರ್ ಪಾತ್ರೆಯನ್ನು ಎದೆಗೆ ಅವಚಿಕೊಂಡು, "ಮುಂದೆ ಹೋಗು ಒಡೆಸ್ಸಾ, ಬೆಳಕಿನ ಕಡೆ ಹೋಗು!" ಎಂದು ಕೂಗಿದಳು. ಮಿಸ್ಟರ್ ಫಾಗ್ ಟೊಪ್ಪಿಗೆ ತೆಗೆದು, "ನನ್ನ ವೃತ್ತಿಯಲ್ಲಿ ಇದು ಮೊದಲ ಸಲ," ಎಂದ.

"ಯಾವ ಬೆಳಕು? ನನ್ನ ಬಾಗಿಲು ಮುರಿದವರು ಯಾರು?" ಎಂದಳು ಒಡೆಸ್ಸಾ.

ಟಿಯೆರಾ ಕ್ಲೀವನ್‌ನ ಕೆಳಗಿಂದ ವೈರು ಎಳೆದು ದನಿ ತಗ್ಗಿಸಿದಳು. ಒಡೆಸ್ಸಾ ಜಗಲಿಯನ್ನು ನೋಡಿದಳು. ಪಾತ್ರೆಗಳನ್ನು ನೋಡಿದಳು, ಬೀಸಣಿಗೆಗಳನ್ನು ನೋಡಿದಳು, ಮಿಸ್ಟರ್ ಫಾಗ್‌ನನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ಆ ಊರಿನಲ್ಲಿ ಹುಟ್ಟಿದವರಿಗೆ ಅಷ್ಟು ಕೋಳಿ ಯಾವಾಗ ಒಂದು ಮನೆಗೆ ಬರುತ್ತದೆ ಎಂದು ಹೇಳಿಕೊಡಬೇಕಾಗಿಲ್ಲ.

"ನಾನಾ?" ಎಂದಳು.

ಎಲ್ಲರೂ ಪಾತ್ರೆಗಳ ಕಡೆ ನೋಡಿದರು. ಲುಸಿಂಡಾ ಮಾತ್ರ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು.

"ನೀನು ಸತ್ತೆ ಅಂತ ಕ್ಷಮಿಸಿದೆನಲ್ಲೇ!"

"ಹಾಗಾದ್ರೆ ವಾಪಸ್ ತಗೋ."

"ಹೇಗೆ ತಗೊಳ್ಳಲೇ? ಸಾವಿನ ಮನೆಗೆ ತಂದ ಕೇಕೇ ವಾಪಸ್ ಒಯ್ಯೋ ಹಾಗಿಲ್ಲ. ಕ್ಷಮೆ ಒಯ್ಯಬಹುದಾ? ಮದರ್, ನೀವೇ ಹೇಳಿ."

ಮದರ್ ಹ್ಯಾಟಿಬೆಲ್ ಗಂಭೀರವಾಗಿ ಯೋಚಿಸಿದಳು. ಇಂಥ ಪ್ರಸಂಗ ಹಿಂದೆ ಬಂದಿರಲಿಲ್ಲ. "ತಂದದ್ದು ತಂದಾಯ್ತು," ಎಂದು ಕೊನೆಗೆ ತೀರ್ಪು ಕೊಟ್ಟಳು. "ಯಾರೂ ಏನೂ ವಾಪಸ್ ಒಯ್ಯೋದು ಬೇಡ. ತಟ್ಟೆ ಹಾಕಿ."

ಹೀಗೆ ಒಡೆಸ್ಸಾ ಪ್ರೂಯಿಟ್ ತನ್ನದೇ ತಿಥಿಯೂಟಕ್ಕೆ, ತನ್ನದೇ ಮೇಜಿನ ತಲೆಯಲ್ಲಿ, ಸುರುಳಿಗಳ ಸಮೇತ ಕುಳಿತಳು. ಟಿಯೆರಾ ನರ್ಸಲ್ಲ ಅನ್ನುವುದೂ ಆಲ್ಬಮ್ಮಿನ ವಿಷಯವೂ ಮ್ಯಾಕರೋನಿಯ ಜೊತೆಗೇ ಹೊರಬಂದವು. ಯಾರೂ ನಗಲಿಲ್ಲ. "ಹೇಳಿದ್ರೆ ಇನ್ನೊಂದು ಹಂದಿ ಸುಡ್ತಿದ್ವಿ, ಅಷ್ಟೇ ತಾನೇ?" ಎಂದ ಕಟಕಟೆಯಿಂದ ಕುಂಟುತ್ತ ಬಂದ ಡೀಕನ್ ಪರ್ವಿಸ್. ಕ್ಷೌರದಂಗಡಿಯಿಂದ ಹೊರಡುವಾಗಲೇ ಅವನು ಕಣ್ಣೀರಿನ ಭಾಷಣವೊಂದನ್ನು ಯೋಚಿಸಿಕೊಂಡಿದ್ದ. ಅದು ವ್ಯರ್ಥವಾಗಬಾರದೆಂದು ಎದ್ದುನಿಂತು ಹೇಳಿಯೇಬಿಟ್ಟ. ಒಡೆಸ್ಸಾಳ ಒಂದು ಹಾಡು ರೇಡಿಯೊದಲ್ಲಿ ಬಂದ ರಾತ್ರಿಯೇ ತನ್ನ ಹೆಂಡತಿ ಮದುವೆಗೆ ಒಪ್ಪಿದ್ದು ಎಂದ. ಆಮೇಲೆ ಇನ್ನೊಬ್ಬರು ಎದ್ದರು. ಆಮೇಲೆ ಇನ್ನೊಬ್ಬರು. ಸತ್ತವರು ಕೇಳಿಸಿಕೊಳ್ಳದ ಮಾತುಗಳನ್ನೆಲ್ಲ ಒಡೆಸ್ಸಾ ಕೋಳಿಯ ಕಾಲು ಕೈಯಲ್ಲಿ ಹಿಡಿದು ಕೇಳಿಸಿಕೊಂಡಳು, ತಿನ್ನುವುದನ್ನು ಮರೆತಳು.

"ಇನ್ನೊಂಚೂರು ಹೇಳು," ಎಂದು ಮಾತ್ರ ನಡುನಡುವೆ ಅಂದಳು.

ಟಿಯೆರಾ ಎಲ್ಲರಿಗೂ ಹಾಡು ಕೇಳಿಸಿದಳು. ಜನ ಪೆಟ್ಟಿಗೆಯ ಧಡ್ ಧಡ್ ಕೇಳಿ ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಒಂದೊಂದೇ ಕಾಲು ಅಲ್ಲಾಡತೊಡಗಿತು. ಲುಸಿಂಡಾಳದು ಮಾತ್ರ ಅಲ್ಲಾಡಲಿಲ್ಲ.

"ಹಿಂದೆ ಹಾಡ್ತಿರೋರು ಯಾರು?"

"ನಾನೇ," ಎಂದಳು ಒಡೆಸ್ಸಾ. "ಈ ಹುಡುಗಿ ಒಂದು ದನಿನ ಮೂರು ಮಾಡ್ತಾಳೆ."

"ಗೊತ್ತಾಗುತ್ತೆ. ಮೂರು ಜನಾನೂ ಮುಂದೇನೇ ನಿಂತಿದಾರೆ. ಯಾರಾದ್ರೂ ಒಬ್ರು ಹಿಂದಕ್ಕೆ ಸರೀಬೇಕಲ್ವೇನೇ?"

ಟಿಯೆರಾ ಲುಸಿಂಡಾಳನ್ನು ನೋಡಿದಳು, ಆಮೇಲೆ ಮೈಕನ್ನು ಅವಳ ಕಡೆ ತಳ್ಳಿದಳು. ಲುಸಿಂಡಾ ಬೇಡ ಬೇಡವೆಂದು, ಗಂಟಲು ಸರಿಯಿಲ್ಲವೆಂದು, ಕೇಕು ತಿಂದಿದ್ದೇನೆಂದು ಹೇಳಿ, ಎದ್ದು ಹೋಗಿ ಹಾಡಿದಳು. ತಗ್ಗಿದ ದನಿಯಲ್ಲಿ, ಅರ್ಧ ಹೆಜ್ಜೆ ಹಿಂದೆ. ಒಡೆಸ್ಸಾ ಕೋಳಿಯ ಕಾಲು ಕೆಳಗಿಟ್ಟಳು.

ಆ ಸಂತೋಷದ ನಡುವೆ ಪಾಸ್ಟರ್ ಮೆರಿವೆದರ್ ಬಾಯಿ ಒರೆಸಿಕೊಂಡು, "ಇನ್ನು ಬ್ರದರ್ ಹಾಪ್ಸನ್‌ನ ವಿಚಾರ," ಎಂದರು.

ಕ್ಲೀವನ್ ಆ ತನಕ ಮೂಲೆಯಲ್ಲಿ ತಟ್ಟೆಯಿಲ್ಲದೆ ಕುಳಿತಿದ್ದ. ಎದ್ದುನಿಂತ. ಮೊಣಕೈಗೆ ಬಟ್ಟೆ ಸುತ್ತಿತ್ತು.

"ಮಾತು ಮಾತೇ," ಎಂದರು ಪಾಸ್ಟರ್. "ಗಾಜು ಆಯ್ತು, ಟೊಪ್ಪಿಗೆ ಆಯ್ತು, ಈಗ ಬಾಗಿಲು. ಬದುಕಿರೋ ಹೆಂಗಸಿಗೆ ಫಾಗ್‌ನ ಕರೆಸಿದೀಯ."

"ನಾನಾಗೇ ಬಂದೆ, ಪಾಸ್ಟರ್," ಎಂದ ಮಿಸ್ಟರ್ ಫಾಗ್, ಮೂರನೆಯ ತಟ್ಟೆಯಿಂದ ತಲೆ ಎತ್ತದೆ.

"ಒಂದೇ ಮಾತು ಒಂದೇ ಥರ ಅಷ್ಟು ಸಲ ಬಂದ್ರೆ ಅದು ಮೆಷೀನು ಅಂತ ಯಾರಿಗಾದ್ರೂ ತಿಳಿಯುತ್ತೆ. ನಿನಗ್ಯಾಕೆ ತಿಳೀಲಿಲ್ಲ?"

ಕ್ಲೀವನ್ ನೀರು ಆರಿ ಕಲೆಗಟ್ಟಿದ ಪ್ಯಾಂಟನ್ನು ಸವರಿಕೊಂಡ.

"ತಿಳೀತು ಪಾಸ್ಟರ್. ಮೆಷೀನಿರಬಹುದು ಅಂತ ನನಗೂ ಅನ್ನಿಸ್ತು," ಎಂದ. "ಅರ್ಲೀನ್ ಅಡುಗೆಮನೇಲಿ ಬಿದ್ದಾಗ ನಾನು ಹಿತ್ತಲಲ್ಲೇ ಇದ್ದೆ. ಅವಳು ಕೂಗಿದ್ದು ಕೇಳಿಸ್ತು. ರೇಡಿಯೊ ಅಂದ್ಕೊಂಡೆ. ಟೊಮೇಟೊಗೆ ನೀರು ಬಿಡ್ತಾ ಇದ್ದೆ."

ಕ್ಲೀವನ್ ಮೊಣಕೈಯ ಬಟ್ಟೆ ಬಿಗಿಮಾಡಿಕೊಂಡ.

"ಇನ್ನೊಂದ್ಸಲ ಹಾಗೆ ಅಂದ್ಕೊಳ್ಳೋಕೆ ನನ್ನಿಂದ ಆಗಲ್ಲ. ಬಾಗಿಲು ಬೇರೆಯವರಿಗೆ ಕೊಡಿ, ಬೇಜಾರಿಲ್ಲ. ಆದ್ರೆ ಕೂಗು ಕೇಳಿಸಿದ್ರೆ ನಾನು ಹೋಗೋನೇ."

ಪಾಸ್ಟರ್ ಮೇಜಿನ ಬಟ್ಟೆಯ ಮಡಿಕೆ ಸರಿಮಾಡಿದರು. ಮತ್ತೊಂದು ಸಲ ಸರಿಮಾಡಿದರು. ಆಗ ಮಾತಾಡಿದವಳು, ಈಸ್ಟರ್ ದಿನ ಎಲ್ಲರಿಗಿಂತ ದೊಡ್ಡ ಟೊಪ್ಪಿಗೆ ತೋಯಿಸಿಕೊಂಡಿದ್ದ ಮದರ್ ಹ್ಯಾಟಿಬೆಲ್.

"ಪಾಸ್ಟರ್, ನಾನು ಒಬ್ಬಳೇ ಇರೋಳು. ನಾಳೆ ಬಚ್ಚಲಲ್ಲಿ ಜಾರಿದ್ರೆ, ಯಾರ ಕಿವಿಗೆ ಬೀಳ್ಲಿ ಅಂತ ಕೂಗ್ಲಿ ನಾನು? ಈ ಬೀದೀಲಿ ಬೇರೆ ಯಾರು ಬಾಗಿಲು ಮುರಿದು ಬರ್ತಾರೆ ಹೇಳಿ. ನೀವು ಬರ್ತೀರಾ?"

"ನನಗೆ ಬೆನ್ನು ನೋವು," ಎಂದರು ಪಾಸ್ಟರ್, ಸತ್ಯವಂತರಾದ್ದರಿಂದ.

"ನನ್ನ ಕಾರಿನ ಗಾಜಿನ ಲೆಕ್ಕ ಬಿಟ್ಟೆ," ಎಂದ ಡೀಕನ್ ಪರ್ವಿಸ್, ಬೋಳಿಸಿದ ಅರ್ಧ ತಲೆ ಸವರಿಕೊಳ್ಳುತ್ತ. "ನಿಜವಾಗ್ಲೂ ಸತ್ತಿದ್ರೆ ಇವನೊಬ್ಬನೇ ನೋಡ್ತಿದ್ದದ್ದು."

ಪಾಸ್ಟರ್ ಎದ್ದು ಒಂದು ತಟ್ಟೆಗೆ ತಾವೇ ಕೋಳಿ, ಸೊಪ್ಪು, ಮ್ಯಾಕರೋನಿ ಬಡಿಸಿ, ಒಯ್ದು ಕ್ಲೀವನ್‌ನ ಕೈಗೆ ಕೊಟ್ಟರು. "ಭಾನುವಾರ ಒಂಬತ್ತೂವರೆಗೆ ಬಾಗಿಲಲ್ಲಿರು," ಎಂದರು. "ಬಾಗಿಲಲ್ಲಿ ನಿಲ್ಲೋಕೆ ಇಂಥವನೇ ಬೇಕು. ಗೊಣಗೋದು ನನ್ನ ಕೆಲಸ, ಗೊಣಗ್ತಾ ಇರ್ತೀನಿ. ನೀನು ಹೋಗ್ತಾ ಇರು."

"ಥ್ಯಾಂಕ್ಯೂ ಪಾಸ್ಟರ್."

"ತಿನ್ನು, ಆರಿಹೋಗುತ್ತೆ."

ಆ ಭಾನುವಾರ ಒಡೆಸ್ಸಾ ಬಂದಾಗ ಕ್ಲೀವನ್ ಅವಳನ್ನು ಮೂರನೆಯ ಸಾಲಿಗೆ ಕರೆದೊಯ್ದ. ಲುಸಿಂಡಾ ಬಂದಾಗ, ಚರ್ಚಿನಲ್ಲಿ ಬೇಕಾದಷ್ಟು ಜಾಗವಿದ್ದರೂ, ಅವಳನ್ನೂ ಅದೇ ಸಾಲಿಗೆ ಕರೆದೊಯ್ದ. ಇಬ್ಬರೂ ಅವನನ್ನು ದುರುಗುಟ್ಟಿ ನೋಡಿ, ಸರಿದು ಕುಳಿತರು.

ಆಲ್ಬಂ ಅಕ್ಟೋಬರಿನಲ್ಲಿ ಬಂತು. ಪೆಟ್ಟಿಗೆಯ ಧಡ್ ಧಡ್ ಮೇಲೆ ಎರಡು ಮುದುಕಿಯರ ದನಿ ಕೇಳಿ ಚಿಕ್ಕ ಹುಡುಗರೂ ತಲೆಯಾಡಿಸಿದರು. ಊರೂರಿನಿಂದ ಕರೆ ಬಂತು. ಹೊರಡುವ ದಿನ ಇಬ್ಬರ ಗೌನಿನ ಪೆಟ್ಟಿಗೆಗಳು ಯಾವ ಕಾರಿನಲ್ಲೂ ಹಿಡಿಸಲಿಲ್ಲ. ಮಿಸ್ಟರ್ ಫಾಗ್ ಹೆಣ ಒಯ್ಯುವ ತನ್ನ ಉದ್ದನೆಯ ಕಪ್ಪು ಗಾಡಿ ತಂದು ನಿಲ್ಲಿಸಿ, "ಬದುಕಿರೋರನ್ನ ಕೂರಿಸಿಕೊಂಡು ಬಹಳ ದಿನ ಆಗಿತ್ತು," ಎಂದ.

"ನೀನೂ ಬಾರೋ ಕ್ಲೀವನ್," ಎಂದಳು ಒಡೆಸ್ಸಾ, ಗಾಡಿಯ ಬಾಗಿಲು ಹಿಡಿದು ನಿಂತಿದ್ದವನಿಗೆ. "ಊರೂರಲ್ಲಿ ನಮಗೆ ಬಾಗಿಲು ತೆಗಿಯೋರು ಬೇಕಲ್ಲ. ಊಟ, ವಸತಿ ನನ್ನದು. ಏನಂತೀಯ?"

ಕ್ಲೀವನ್‌ನ ಮುಖ ಅರಳಿತು. ಅವನನ್ನು ಯಾರಾದರೂ ಎಲ್ಲಿಗಾದರೂ ಕರೆದು ವರ್ಷಗಳಾಗಿದ್ದವು.

"ಭಾನುವಾರ ಚರ್ಚಿನ ಬಾಗಿಲಿದೆಯಲ್ಲಕ್ಕಾ," ಎಂದ.

ಒಡೆಸ್ಸಾ ಅವನ ಕೆನ್ನೆ ತಟ್ಟಿ ಒಳಗೆ ಕುಳಿತಳು. ಲುಸಿಂಡಾ ಅವಳ ಬಲಕ್ಕೆ, ಟಿಯೆರಾ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ. ಕ್ಲೀವನ್ ಬಾಗಿಲನ್ನು ಸದ್ದಾಗದ ಹಾಗೆ ಹಾಕಿದ. ಕಪ್ಪು ಗಾಡಿ ಮೆಲ್ಲಗೆ ಬೀದಿಯಲ್ಲಿ ಸಾಗಿದಾಗ, ವಿಷಯ ಗೊತ್ತಿಲ್ಲದ ಗಂಡಸರು ಅಲ್ಲಲ್ಲಿ ನಿಂತು ಟೊಪ್ಪಿಗೆ ತೆಗೆದು ತಲೆ ಬಾಗಿಸಿದರು. ಕಿಟಕಿಯಿಂದ ಇಬ್ಬರು ಮುದುಕಿಯರು ಅವರಿಗೆಲ್ಲ ಕೈ ಬೀಸುತ್ತ ಹೋದರು. ಅವರು ಹೋದದ್ದು ಗುರುವಾರ; ಕ್ಲೀವನ್‌ನ ಭಾನುವಾರಕ್ಕೆ ಇನ್ನೂ ಮೂರು ದಿನವಿತ್ತು.